ಸಂಸ್ಥಾಕರ್ಷಣ ಶಾಸ್ತ್ರ: ಜಿನೀವಾ ಕಾಂಡ

ತಾನೇ ಸಾರ್ವಭೌಮವಲ್ಲದ ಸರ್ಕಾರವೊಂದು ಸಾರ್ವಭೌಮ ರಾಷ್ಟ್ರಗಳ ಕೂಟಗಳನ್ನು ತನ್ನ ಊರಿಗೆ ಕರೆತಂದು, ಅವು ಮರಳಿ ಹೋಗದಂತೆ ನೋಡಿಕೊಳ್ಳುವ ವಿದ್ಯೆಗೆ ಸಂಸ್ಥಾಕರ್ಷಣವೆಂದು ಹೆಸರು. ಕರೆಯುವವನು ಆತಿಥೇಯ, ಬಂದು ಬೇರುಬಿಡುವುದು ಸಂಸ್ಥೆ, ಇಬ್ಬರ ನಡುವೆ ಮೌನವಾಗಿ ನಿಲ್ಲುವವನು ತೆರಿಗೆದಾರ ಎಂಬುದು ಇಲ್ಲಿಯ ಪರಿಭಾಷೆ. ಶಾಸ್ತ್ರಕ್ಕೆ ಲಕ್ಷ್ಯವಾಗಿ ಸ್ವಿಟ್ಜರ್‌ಲೆಂಡಿನ ನೈಋತ್ಯ ಮೂಲೆಯ ಜಿನೀವಾ ಕ್ಯಾಂಟನ್ನನ್ನು ಸ್ವೀಕರಿಸಲಾಗಿದೆ. ವಿಸ್ತೀರ್ಣ 282 ಚದರ ಕಿಲೋಮೀಟರ್, ಜನ ಐದು ಲಕ್ಷದಷ್ಟು. ಇಷ್ಟರೊಳಗೆ ಸುಮಾರು 40 ಅಂತರರಾಷ್ಟ್ರೀಯ ಸಂಸ್ಥೆಗಳು, 400ಕ್ಕೂ ಹೆಚ್ಚು ಸ್ವಯಂಸೇವಾ ಸಂಘಗಳು, 180ರಷ್ಟು ದೇಶಗಳ ನಿಯೋಗಗಳು ನೆಲೆಸಿವೆ. ವಿದೇಶಾಂಗ ವ್ಯವಹಾರ ಬರ್ನ್‌ನಲ್ಲಿರುವ ಒಕ್ಕೂಟ ಸರ್ಕಾರಕ್ಕೆ ಸೇರಿದ್ದು. ನೆಲ, ಪೊಲೀಸು, ಶಾಲೆ, ಟ್ರಾಫಿಕ್ ಜಾಮು ಕ್ಯಾಂಟನ್ನಿನ ಪಾಲಿಗೆ ಬಂದಿವೆ.

ಆತಿಥೇಯನ ಮೊದಲ ಲಕ್ಷಣ ತಾಟಸ್ಥ್ಯ. ಇದನ್ನು ಕಲ್ಯಾಣಮಂಟಪ ನ್ಯಾಯದಿಂದ ತಿಳಿಯಬೇಕು: ಮಂಟಪದ ಮಾಲೀಕ ಗಂಡಿನ ಕಡೆಯವನೂ ಅಲ್ಲ, ಹೆಣ್ಣಿನ ಕಡೆಯವನೂ ಅಲ್ಲ, ಸಂಬಂಧ ಮುರಿದರೂ ಅವನಿಗೆ ಕೊಟ್ಟ ಅಡ್ವಾನ್ಸ್ ಮುರಿಯುವುದಿಲ್ಲ. ಕ್ಯಾಂಟನ್ ಸರ್ಕಾರ ಕೂರುವ ಹಳೆಯ ಪುರಭವನದ ಒಂದೇ ಕೋಣೆಯಲ್ಲಿ 1864ರಲ್ಲಿ ಗಾಯಾಳು ಸೈನಿಕರ ರಕ್ಷಣೆಯ ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಬಿತ್ತು. 1872ರಲ್ಲಿ ಅಲ್ಲಿಯೇ ಕೂತ ಪಂಚರು, ‘ಅಲಬಾಮಾ’ ಮೊದಲಾದ ಹಡಗುಗಳು ಮಾಡಿದ ಹಾನಿಗಾಗಿ ಬ್ರಿಟನ್ ಅಮೆರಿಕಕ್ಕೆ 1.55 ಕೋಟಿ ಡಾಲರ್ ತೆರಬೇಕೆಂದರು. ಕೋಣೆಗೆ ಇಂದಿಗೂ ಅಲಬಾಮಾ ಎಂದೇ ಹೆಸರು. ದಂಡ ಕಟ್ಟಿದವರ ಹೆಸರನ್ನಾಗಲಿ ಪಡೆದವರ ಹೆಸರನ್ನಾಗಲಿ ಇಡದೆ ಹಡಗಿನ ಹೆಸರಿಟ್ಟದ್ದರಲ್ಲಿ ತಾಟಸ್ಥ್ಯದ ಪರಾಕಾಷ್ಠೆಯನ್ನು ಕಾಣಬಹುದು.

1919ರ ಒಡಂಬಡಿಕೆಯಲ್ಲಿ, ವಿಶ್ವಸಂಸ್ಥೆಗೆ ಪೂರ್ವಜವಾದ ರಾಷ್ಟ್ರಸಂಘದ ಪೀಠ ಜಿನೀವಾ ಎಂದು ಬರೆದೇ ಆಗಿತ್ತು. ಸಂಘಕ್ಕೆ ಸೇರಬೇಕೇ ಬೇಡವೇ ಎಂದು ಸ್ವಿಸ್ ಮತದಾರರನ್ನು ಕೇಳಿದ್ದು ಅದಾದ ಮೇಲೆ, 1920ರ ಮೇ 16ರಂದು. ಹನ್ನೊಂದೂವರೆ ಕ್ಯಾಂಟನ್‌ಗಳು ಹೌದೆಂದವು, ಹತ್ತೂವರೆ ಬೇಡವೆಂದವು. ವಿಶ್ವಸಂಸ್ಥೆಯ ಕಾಲಕ್ಕೆ ವಿದ್ಯೆ ಇನ್ನೂ ಪಕ್ವವಾಯಿತು: ಅದರ ಯುರೋಪಿನ ಕಚೇರಿ ಜಿನೀವಾದಲ್ಲಿ ಹಾಯಾಗಿ ನಡೆಯುತ್ತಿರಲು, ಸ್ವಿಸ್ ಜನ 1986ರಲ್ಲಿ ಸದಸ್ಯತ್ವವನ್ನು ನಾಲ್ಕರಲ್ಲಿ ಮೂರು ಪಾಲು ಮತಗಳಿಂದ ತಿರಸ್ಕರಿಸಿದರು. ಒಪ್ಪಿದ್ದು 2002ರಲ್ಲಿ. ಅರ್ಧ ಶತಮಾನಕ್ಕೂ ಮಿಕ್ಕಿ ಆತಿಥೇಯನು ತನ್ನದೇ ಮನೆಯ ಸಭೆಗೆ ವೀಕ್ಷಕನಾಗಿ ಹೋಗುತ್ತಿದ್ದನು.

ಇಲ್ಲಿ ಪೂರ್ವಪಕ್ಷಿಯು, ಸಂಸ್ಥೆಗಳನ್ನು ಸೆಳೆಯುವುದು ಸರೋವರ, ಹಿಮಶಿಖರ ಮತ್ತು ಚಾಕೊಲೇಟು ಎಂದು ಆಕ್ಷೇಪಿಸುತ್ತಾನೆ. ಅದು ಸಲ್ಲದು. ಅವು ಮೂರೂ ಇರುವ ಸ್ವಿಸ್ ಊರುಗಳು ಬೇಕಾದಷ್ಟಿವೆ. ಅಲ್ಲಿಗೆ ಹೋಗುವವರು ಪ್ರವಾಸಿಗಳು. ಆಕರ್ಷಣದ ಮೂಲದ್ರವ್ಯ ನಿವೇಶನ.

ನಿವೇಶನ ಪ್ರಕರಣಕ್ಕೆ ಆದಿಪುರುಷ ಗುಸ್ತಾವ್ ರೆವಿಲಿಯೋ. ಈ ಸಿರಿವಂತ 1890ರಲ್ಲಿ ತೀರಿಕೊಂಡಾಗ ತನ್ನ ಆರಿಯಾನಾ ಉದ್ಯಾನವನ್ನು ಊರಿಗೆ ಬಿಟ್ಟುಹೋದ. ತನ್ನ ಸಮಾಧಿ ಅಲ್ಲೇ ಆಗಬೇಕು, ನವಿಲುಗಳು ಅಡೆತಡೆಯಿಲ್ಲದೆ ಓಡಾಡಬೇಕು ಎಂಬವು ಅವನ ಷರತ್ತುಗಳಲ್ಲಿ ಎರಡು. ಮುಂದೆ ರಾಷ್ಟ್ರಸಂಘದ ಅರಮನೆ ಎದ್ದದ್ದು ಈ ಉದ್ಯಾನದಲ್ಲಿ. ಈಗ ಮನುಷ್ಯರು ಗೇಟಿನಲ್ಲಿ ತಪಾಸಣೆಗೆ ನಿಲ್ಲುತ್ತಾರೆ. ಉಯಿಲಿನ ಬಲದಿಂದ ನವಿಲುಗಳಿಗೆ ಪಾಸು ಬೇಕಿಲ್ಲ.

ಅರಮನೆಯ ವಿನ್ಯಾಸಕ್ಕೆ ನಡೆದ ಸ್ಪರ್ಧೆಯ ತೀರ್ಪು 1927ರಲ್ಲಿ ಬಂತು. ಬಂದ ನಕ್ಷೆಗಳು 377. ತೀರ್ಪುಗಾರರು ಒಂದನ್ನು ಆರಿಸಲಾರದೆ ಒಂಬತ್ತು ಪ್ರಥಮ ಬಹುಮಾನಗಳನ್ನು ಕೊಟ್ಟರು. ವಾಸ್ತುಶಿಲ್ಪಿ ಲ ಕಾರ್ಬೂಸಿಯೇಯ ನಕ್ಷೆಗೆ, ಅದು ನಿಯಮದಂತೆ ಮಸಿಯಲ್ಲಿ ಬರೆದ ಮೂಲಪ್ರತಿಯಲ್ಲ ಎಂಬ ಆಕ್ಷೇಪ ಎದ್ದಿತು. ಕೊನೆಗೆ ಐವರು ವಾಸ್ತುಶಿಲ್ಪಿಗಳು ಸೇರಿ ಒಂದು ಕಟ್ಟಡ ಮಾಡಿದರು. ಮುಂದಿನ ನೂರು ವರ್ಷಗಳ ಬಹುಪಕ್ಷೀಯ ಮಾತುಕತೆಯ ವಿಧಾನವೆಲ್ಲ ಈ ತೀರ್ಪಿನಲ್ಲಿ ಬೀಜರೂಪವಾಗಿ ಅಡಗಿದೆಯೆಂದು ಊಹಿಸಲು ಅಡ್ಡಿಯಿಲ್ಲ. ಕಟ್ಟಡ ಪೂರ್ತಿಯಾದದ್ದು 1938ರಲ್ಲಿ. ಮರುವರ್ಷ ಮಹಾಯುದ್ಧ ಶುರುವಾಯಿತು.

ಗೀತೆಯಲ್ಲಿ ಆತ್ಮವು ದೇಹಗಳನ್ನು ಬದಲಿಸುತ್ತದೆ. ಜಿನೀವಾದಲ್ಲಿ ದೇಹಗಳು ಆತ್ಮಗಳನ್ನು ಬದಲಿಸುತ್ತವೆ. ಸರೋವರದ ದಂಡೆಯ ಹೋಟೆಲ್ ನ್ಯಾಷನಲ್ ರಾಷ್ಟ್ರಸಂಘದ ಕಚೇರಿಯಾಗಿ, ವಿಲ್ಸನ್ ಅರಮನೆಯೆಂದು ನಾಮಾಂತರ ಹೊಂದಿ, ಮುಂದಿನ ಜನ್ಮದಲ್ಲಿ ಮಾನವ ಹಕ್ಕುಗಳ ಹೈಕಮಿಷನರ್ ಕಚೇರಿಯಾಯಿತು. ಅದಕ್ಕಿಂತ ಬೋಧಪ್ರದವಾದದ್ದು ವಿಲಿಯಂ ರಾಪಾರ್ ಕೇಂದ್ರ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ 1926ರಲ್ಲಿ ಸಿದ್ಧವಾದ ಈ ಕಟ್ಟಡದ ಗೋಡೆಗಳ ಮೇಲೆ ದುಡಿಮೆಯ ಚಿತ್ರಗಳಿದ್ದವು. 1977ರಲ್ಲಿ ಸುಂಕ ಮತ್ತು ವ್ಯಾಪಾರದ ಒಪ್ಪಂದವಾದ ಗ್ಯಾಟ್ ಒಳಬಂದಾಗ, ಸುಂಕದ ಚೌಕಾಸಿ ನಡೆಯುವ ಜಾಗದಲ್ಲಿ ದುಡಿಯುವವರು ಕಣ್ಣಿಗೆ ಬೀಳುವುದು ಉಚಿತವಲ್ಲವೆಂದು ಅನೇಕ ಚಿತ್ರಗಳನ್ನು ಮರೆಮಾಡಲಾಯಿತು. ಗ್ಯಾಟ್‌ನ ಉತ್ತರಾಧಿಕಾರಿಯಾದ ವಿಶ್ವ ವ್ಯಾಪಾರ ಸಂಸ್ಥೆಯ ಕಾಲದಲ್ಲಿ ಅವನ್ನು ಹುಡುಕಿ ತೆಗೆದು ದುರಸ್ತಿ ಮಾಡಿದರು. ಅಷ್ಟು ಹೊತ್ತಿಗೆ ಕಾರ್ಮಿಕರು ಕಲೆಯಾಗಿ ಮಾರ್ಪಟ್ಟಿದ್ದರು.

ನಿವೇಶನದ ನಂತರ ಋಣ. ಒಕ್ಕೂಟ ಸರ್ಕಾರ ಮತ್ತು ಕ್ಯಾಂಟನ್ ಕೂಡಿ 1964ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಕಟ್ಟಡ ಪ್ರತಿಷ್ಠಾನವನ್ನು ಹುಟ್ಟುಹಾಕಿದವು. ಅದು ಕಟ್ಟಡ ಕಟ್ಟಿ ಬಾಡಿಗೆಗೆ ಕೊಡುತ್ತದೆ, ಸಭಾಭವನ ನಡೆಸುತ್ತದೆ. ಕಟ್ಟಿಕೊಳ್ಳುವ ಸಂಸ್ಥೆಗಳಿಗೆ ಅದರ ಮೂಲಕ ಬಡ್ಡಿಯಿಲ್ಲದ ಸಾಲ ದೊರೆಯುತ್ತದೆ. ಅವಧಿ 50 ವರ್ಷಗಳವರೆಗೆ. ಬ್ಯಾಂಕುಗಳಿಗೆ ಹೆಸರಾದ ಊರಿನಲ್ಲಿ ಬಡ್ಡಿಯಿಲ್ಲದ ಸಾಲವೆಂದರೆ ಬೆರಗಾಗಬಹುದು. ಆದರೆ ಬಡ್ಡಿ ಬೇಡವೆನ್ನುವ ಸಾಲಿಗನು ಬೇಡುವುದು ಸಾಲಗಾರನ ಸಾನ್ನಿಧ್ಯವನ್ನು, ಅದೂ ಅರ್ಧ ಶತಮಾನ. ರಾಷ್ಟ್ರಸಂಘದ ಹಳೆಯ ಅರಮನೆಯ ಜೀರ್ಣೋದ್ಧಾರಕ್ಕೆ ಲೆಕ್ಕ ಹಾಕಿದ 83.65 ಕೋಟಿ ಫ್ರಾಂಕ್‌ನಲ್ಲಿ 40 ಕೋಟಿ ಈ ಬಗೆಯ ಸ್ವಿಸ್ ಸಾಲವೇ.

ಮೂರನೆಯದು ಉಪಚಾರ. 2008ರಿಂದ ಜಾರಿಯಲ್ಲಿರುವ ಆತಿಥೇಯ ರಾಷ್ಟ್ರ ಕಾಯ್ದೆ ಯಾರಿಗೆ ಎಷ್ಟು ವಿನಾಯಿತಿ ಎಂದು ವಿಂಗಡಿಸುತ್ತದೆ. ವಿದೇಶಾಂಗ ಇಲಾಖೆ ಕೊಡುವ ಗುರುತಿನ ಕಾರ್ಡಿನ ಪಟ್ಟೆಯ ಬಣ್ಣ ನೋಡಿ ಅಧಿಕಾರಿಯ ತೂಕ ತಿಳಿಯಬಹುದು. ಹೊಸಬರಿಗೆ ಮನೆ, ಶಾಲೆ, ಬಾಳಸಂಗಾತಿಗೆ ಪರಿಚಯಸ್ಥರು ಇತ್ಯಾದಿಗಳಿಗೆ ನೆರವಾಗಲು 1996ರಲ್ಲಿ ಸ್ವಾಗತ ಕೇಂದ್ರ ತೆರೆಯಿತು. ಶಾಲೆಯ ಪ್ರಶ್ನೆಯನ್ನು ಅತಿಥಿಗಳು ಮೊದಲೇ ಬಗೆಹರಿಸಿಕೊಂಡಿದ್ದರು: ರಾಷ್ಟ್ರಸಂಘದ ನೌಕರರ ಮಕ್ಕಳಿಗಾಗಿ 1924ರಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್ ಆರಂಭವಾಗಿತ್ತು. ಮನೆಯ ಪ್ರಶ್ನೆ ಬಗೆಹರಿದಿಲ್ಲ. ಖಾಲಿ ಮನೆಗಳ ಪ್ರಮಾಣ ವರ್ಷಗಳಿಂದ ನೂರಕ್ಕೆ ಒಂದಕ್ಕಿಂತ ಕಡಿಮೆ. ಅನೇಕ ಅಂತರರಾಷ್ಟ್ರೀಯ ನೌಕರರು ಮನೆಯನ್ನು ಫ್ರಾನ್ಸ್‌ನಲ್ಲಿ ಮಾಡಿ, ಕಚೇರಿಗೆಂದು ನಿತ್ಯ ಗಡಿ ದಾಟುತ್ತಾರೆ.

ತೆರಿಗೆದಾರನನ್ನು ಕೇಳುವ ಪದ್ಧತಿ ಇಲ್ಲದಿಲ್ಲ. ಅಣುವಿಜ್ಞಾನದ ಸಂಸ್ಥೆ ಸರ್ನ್ ಬರುವುದು ಬೇಡವೆಂದು ಕೂಗೆದ್ದಾಗ, 1953ರ ಜೂನಿನಲ್ಲಿ ಕ್ಯಾಂಟನ್ ಜನಮತ ಪಡೆಯಿತು. 16,539 ಮಂದಿ ಸರ್ನ್‌ನ ಪರ, 7,332 ಮಂದಿ ವಿರುದ್ಧ.

ಕೊನೆಯದು ಅಪಹರಣ ಪ್ರಕರಣ. ಜರ್ಮನಿಯ ರಾಜಧಾನಿ ಬರ್ಲಿನ್ನಿಗೆ ಹೋಗುತ್ತದೆಂದಾಗ ಬರಿದಾಗಲಿದ್ದ ಬಾನ್ ನಗರ ಈ ಶಾಸ್ತ್ರವನ್ನು ಶ್ರದ್ಧೆಯಿಂದ ಕಲಿತು, 1996ರಲ್ಲಿ ಹವಾಮಾನ ಒಪ್ಪಂದದ ಸಚಿವಾಲಯವನ್ನು ಜಿನೀವಾದಿಂದಲೇ ಒಯ್ದಿತು. ವಿಶ್ವ ವ್ಯಾಪಾರ ಸಂಸ್ಥೆಗೂ ಅದು ಕೈಚಾಚಿತ್ತು, ದಕ್ಕಲಿಲ್ಲ. 2012ರಲ್ಲಿ ಹಸಿರು ಹವಾಮಾನ ನಿಧಿ ಎರಡೂ ಊರುಗಳನ್ನು ಬಿಟ್ಟು ದಕ್ಷಿಣ ಕೊರಿಯಾದ ಸಾಂಗ್ಡೋಗೆ ಹೋಯಿತು. 2025ರಲ್ಲಿ ಬೇರೆಯದೇ ಸಂಕಟ ಬಂತು: ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರನಡೆಯುವುದಾಗಿ ಘೋಷಿಸಿ ನೆರವನ್ನು ಕಡಿದಾಗ, ಜಿನೀವಾದ ಕಚೇರಿಗಳು ಹುದ್ದೆಗಳನ್ನು ಕಡಿಯತೊಡಗಿದವು. ಸ್ವಿಸ್ ಸರ್ಕಾರ 26.9 ಕೋಟಿ ಫ್ರಾಂಕ್‌ಗಳ ಆಸರೆಯ ಯೋಜನೆ ಮುಂದಿಟ್ಟಿತು. ನೌಕರರ ಸಂಖ್ಯೆ ಎಷ್ಟೇ ಇಳಿಯಲಿ, ಸಾಲದ ಕಂತುಗಳು ದಶಕಗಳ ಮುಂದಿನವರೆಗೂ ನಿಗದಿಯಾಗಿವೆ.