ಕಲ್ಲೇಶ್ವರನ ಕಂಬ, ಮಾವನ ಶೆಡ್ಡು

ಬೇಲಿಯಾಚೆ ಪಕ್ಕದ ಮನೆ ಮಾವ ಮೂರು ದಿನದಿಂದ ಕಣ ಬಿಟ್ಟು ಕದಲಿಲ್ಲ. ಗೋವಿನಜೋಳ ಇಡಲು ಉಕ್ಕಿನ ಶೆಡ್ಡು ಏಳುತ್ತಿದೆ. ಕಂಬ, ತೊಲೆ, ತಗಡು ಎಲ್ಲವೂ ಕಾರ್ಖಾನೆಯಲ್ಲೇ ಅಳತೆಗೆ ಕೊಯ್ದು, ತೂತು ಹಾಕಿ, ಬಣ್ಣ ಬಳಿದು ಲಾರಿಯಲ್ಲಿ ಬಂದಿವೆ. ಒಂದೊಂದರ ಮೈಮೇಲೂ ಒಂದೊಂದು ನಂಬರು. ಚಹಾ ಲೋಟ ಕೊಡಲು ನಾನು ಬೇಲಿ ಹತ್ತಿರ ಹೋದದ್ದೇ ತಡ, ಮಾವ ಶುರುಮಾಡಿದರು.

“ನೋಡವ್ವಾ, ಒಂದು ಇಟ್ಟಂಗಿ ಇಲ್ಲ, ಗಾರಿ ಇಲ್ಲ. ದೊಡ್ಡ ಗಾಳಿ ಬಂದ್ರ ಹಾರಿ ಹೋಗಂಗಿಲ್ಲೇನು?”

“ನಮ್ಮ ಕಲ್ಲೇಶ್ವರನ ಗುಡಿಯಾಗ ಗಾರಿ ಎಲ್ಲೈತಿ ಮಾವ?” ಅಂದೆ.

ನಿಜವಾಗಿಯೂ ನಮ್ಮೂರು ಬಾಗಳಿಯವರಿಗೆ ಗಾರೆಯಿಲ್ಲದೆ ಜೋಡಿಸಿ ಕಟ್ಟುವ ಈ ವಿದ್ಯೆ ಹೊಸದಲ್ಲ. ಚಾಲುಕ್ಯ ತೈಲಪನ ಕಾಲದಲ್ಲಿ, ಕ್ರಿ.ಶ. 987ರ ಹೊತ್ತಿಗೆ ಬೆಳೆದ ಆ ಗುಡಿಯ ಸಭಾಮಂಟಪದ ಕಂಬಗಳನ್ನು ನೋಡಿ. ಮೊದಲೇ ಅಳತೆ ಹಿಡಿದು ಕಡೆದ ಬಳಪದ ಕಲ್ಲು. ಪೀಠದ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ. ಒಂದಕ್ಕೊಂದು ಕೂತದ್ದೇ ಅದರ ಬಲ. ಆದರೆ ಮಾವನ ಗಾಳಿಯ ಪ್ರಶ್ನೆ ಹಗುರದ್ದಲ್ಲ. ಕಲ್ಲಿನ ಗುಡಿ ತನ್ನ ತೂಕದಿಂದಲೇ ನಿಲ್ಲುತ್ತದೆ. ತಗಡಿನ ಮಾಡಿಗೆ ಆ ತೂಕ ಇಲ್ಲ. ಬಿರುಗಾಳಿ ಅದನ್ನು ಅಡ್ಡಕ್ಕೂ ನೂಕುತ್ತದೆ, ಮೇಲಕ್ಕೂ ಎತ್ತುತ್ತದೆ. ಹಾಗಾಗಿ ಅದನ್ನು ನೆಲಕ್ಕೆ ಕಟ್ಟಿ ಹಿಡಿಯಬೇಕು. ಶೆಡ್ಡಿನ ಜೀವ ಇರುವುದು ಬುಡದ ಬೋಲ್ಟಿನಲ್ಲಿ.

ಹದಿನೈದು ದಿನದ ಹಿಂದೆ ನಾನೇ ನಿಂತು ನೋಡಿದ್ದೆ. ಕಾಂಕ್ರೀಟು ಹಾಕುವ ಮೊದಲು ಒಂದೊಂದು ಕಂಬದ ಜಾಗದಲ್ಲೂ ನಾಲ್ಕು ಬೋಲ್ಟು ನಿಲ್ಲಿಸಿ, ಮೇಲೊಂದು ತೂತಿನ ತಗಡು ಕೂರಿಸಿ ಅಲ್ಲಾಡದಂತೆ ಬಿಗಿದರು. ಸಿಮೆಂಟು ಹತ್ತದಿರಲಿ ಎಂದು ಬೋಲ್ಟಿನ ತಿರುಪುಗೆರೆಗಳಿಗೆ ಬಟ್ಟೆ ಸುತ್ತಿದರು. ಒಂದು ಬೋಲ್ಟು ಬೆರಳಗಲ ಸರಿದರೂ ಕಾರ್ಖಾನೆಯಲ್ಲಿ ಹಾಕಿದ ತೂತು ಅದಕ್ಕೆ ಕೂರುವುದಿಲ್ಲ. ಆಗ ಸ್ಥಳದಲ್ಲೇ ಗ್ಯಾಸಿನಿಂದ ತೂತು ಸುಟ್ಟು ದೊಡ್ಡದು ಮಾಡುವವರಿದ್ದಾರೆ. ಅದನ್ನು ಒಪ್ಪಬಾರದು. ಆ ಮೇಲೆ ವಾರವಿಡೀ ಮಾವನ ಮೊಮ್ಮಗ ಗೋಣಿಚೀಲ ಹೊದಿಸಿ ನೀರು ಹಾಕಿದ. ಕಾಂಕ್ರೀಟು ಗಟ್ಟಿಯಾದದ್ದು ಆ ಹುಡುಗನಿಂದ.

ಇವತ್ತು ಕ್ರೇನು ಬಂದಿದೆ. ಎರಡು ಕಂಬ, ಮೇಲೆ ತೊಲೆ ಸೇರಿದರೆ ಒಂದು ಕಮಾನು. ಮೊದಲು ಅಕ್ಕಪಕ್ಕದ ಎರಡು ಕಮಾನು ಎತ್ತಿ, ನಡುವೆ ಅಡ್ಡಡ್ಡ ಕತ್ತರಿಯಂತೆ ಸರಳು ಬಿಗಿದರು. ಇಷ್ಟಾಗದೆ ಮುಂದಿನದನ್ನು ಎತ್ತಲೇಬಾರದು. ಒಂಟಿ ಕಮಾನು ಇಸ್ಪೀಟಿನ ಎಲೆಯ ಹಾಗೆ ವಾಲುತ್ತದೆ. ತೂಗುಗುಂಡು ಬಿಟ್ಟು ನೆಟ್ಟಗಿದೆ ಎಂದು ನೋಡುವ ತನಕ ನಟ್ಟುಗಳನ್ನು ಪೂರ್ತಿ ಬಿಗಿಯಲೂ ಇಲ್ಲ.

“ಈ ಕಂಬ ಬುಡದಾಗ ಸಣ್ಣ, ತಲಿಯಾಗ ದೊಡ್ಡದು. ತಿರುಗಾಮುರುಗಾ ನಿಲ್ಸ್ಯಾರೇನು?”

ಅಲ್ಲ. ಕಂಬವೂ ತೊಲೆಯೂ ಸೇರುವ ಭುಜದಲ್ಲಿ ಬಾಗುವ ಒತ್ತಡ ಹೆಚ್ಚು; ಅಲ್ಲಿ ಅಗಲ, ಒತ್ತಡ ಕಡಿಮೆಯಾದ ಕಡೆ ಕಿರಿದು. ಬೇಕಾದ ಕಡೆಗಷ್ಟೇ ಉಕ್ಕು, ಅದಕ್ಕೇ ಉಳಿತಾಯ. ಒಳಗೆ ನಡುಗಂಬವಿಲ್ಲದ ಕಾರಣ ಟ್ರ್ಯಾಕ್ಟರು ಟ್ರಾಲಿ ಸಮೇತ ತಿರುಗುತ್ತದೆ.

ಎಲ್ಲಿಯೋ ಮಾಡಿ ಇಲ್ಲಿ ಜೋಡಿಸುವ ಈ ಕೆಲಸ ಬೆಂಗಳೂರಿಗೆ ಎಂದೋ ಬಂದಿದೆ. 1889ರಲ್ಲಿ ಅಡಿಗಲ್ಲು ಬಿದ್ದ ಲಾಲ್‌ಬಾಗಿನ ಗಾಜಿನ ಮನೆಯ ಎರಕದ ಕಬ್ಬಿಣ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ಈಗಿನ ಕಾಲದ್ದೆಂದರೆ, 2022ರ ಮಾರ್ಚ್ 17ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಉದ್ಘಾಟಿಸಿದ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಏಳು ಅಂತಸ್ತಿನ ಕಟ್ಟಡ. ಉಕ್ಕಿನ ಟೊಳ್ಳು ಕಂಬಗಳಿಗೆ ಕಾಂಕ್ರೀಟು ತುಂಬಿ 45 ದಿನದಲ್ಲಿ ಎಬ್ಬಿಸಿದರು. ಇನ್ನು ಉಕ್ಕಿಗಂತೂ ನಾವು ದೂರದವರಲ್ಲ. ಸಂಡೂರಿನ ಗುಡ್ಡದ ಅದಿರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕರಗುತ್ತಿದೆ.

ಇಂಥ ಶೆಡ್ಡು ಬೇಗ ಏಳುತ್ತದೆ ಎನ್ನುವುದೇ ನನಗೆ ಮುಖ್ಯ. ಹೋದ ವರ್ಷ ನಮ್ಮ ಜೋಳ ಡಾಂಬರು ರಸ್ತೆಯ ಮೇಲೆ ಒಣಗುತ್ತಿತ್ತು. ರಾತ್ರಿ ಮಳೆ ಹೊಡೆಯಿತು. ಬೆಳಗ್ಗೆ ತಾಡಪತ್ರಿ ಎತ್ತಿದರೆ ಹುಳಿ ವಾಸನೆ, ಮೂರನೇ ದಿನಕ್ಕೆ ಮೊಳಕೆ. ಒಂದು ಸೂರಿದ್ದಿದ್ದರೆ ಅಷ್ಟೂ ಉಳಿಯುತ್ತಿತ್ತು.

ಹಾಗಂತ ತಗಡು ಹೊದಿಸಿದ ಕೂಡಲೇ ಚೀಲ ಒಟ್ಟಬಾರದು ಎಂದು ಮಾವನಿಗೆ ಎರಡೆರಡು ಸಲ ಹೇಳಿದೆ. ಹಗಲು ಕಾದ ತಗಡು ರಾತ್ರಿ ತಣ್ಣಗಾದಾಗ ಒಳಗಿನ ಬಿಸಿಯುಸಿರು ಅದಕ್ಕೆ ತಾಗಿ ಬೆವರುತ್ತದೆ, ಆ ಹನಿ ಜೋಳದ ಮೇಲೆ ಬೀಳುತ್ತದೆ. ನೆತ್ತಿಯಲ್ಲಿ ಗಾಳಿಗಿಂಡಿ ಬೇಕು, ತಗಡಿನ ಕೆಳಗೆ ಶಾಖ ತಡೆಯುವ ಹಾಸು ಬೇಕು. ಚೀಲದ ಕೆಳಗೆ ಹಲಗೆ, ಗೋಡೆಗೂ ಚೀಲಕ್ಕೂ ನಡುವೆ ಒಬ್ಬರು ನಡೆಯುವಷ್ಟು ಜಾಗ.

“ಮುಂದ ಹುಡುಗ್ರು ಬ್ಯಾರೆ ಆದ್ರ?”

“ಬೋಲ್ಟು ಬಿಚ್ಚಿ ಹೊಲಕ್ಕ ಒಯ್ಯಬಹುದು ಮಾವ. ನಂಬರು ಅಳಿಸಬ್ಯಾಡ್ರಿ.”

ಮಾವ ಎದ್ದು, ಹತ್ತಿರದ ಕಂಬದ ನಂಬರನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಆಮೇಲೆ ಮೊಮ್ಮಗನನ್ನು ಕೂಗಿ, ಪಟ್ಟಿ ಬರೆಯಲು ನೋಟುಬುಕ್ಕು ತರಿಸಿದರು.