ಪಿನ್ನು ಖಾತೆ

ಮಂತ್ರಿಮಂಡಲದಲ್ಲಿ ಕಂದಾಯ, ಲೋಕೋಪಯೋಗಿ, ನೀರಾವರಿ ಎಲ್ಲ ಹಂಚಿ ಮುಗಿದ ಮೇಲೆ ಕಡೆಗೆ ಉಳಿದ ಒಬ್ಬರಿಗೆ ಯಾರೂ ಹೆಸರೇ ಕೇಳಿರದ ಖಾತೆಯೊಂದನ್ನು ಕೊಡುತ್ತಾರಲ್ಲ, ಹಾಗೆ ನನಗೆ ಸಿಕ್ಕಿದ್ದು ಪಿನ್ನು ಖಾತೆ. ನಾನಾಗ ಎರಡನೇ ವರ್ಷದ ಬಿ.ಕಾಂ. ಎನ್ನೆಸ್ಸೆಸ್ ಪ್ರಮಾಣಪತ್ರ ಬೇಕೆಂದರೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ತೋರಿಸಬೇಕು. ನನ್ನ ಪುಸ್ತಕದಲ್ಲಿ ಸೇವೆಯ ಕಲಮು ಬಹುತೇಕ ಬೆಳ್ಳಗೇ ಇತ್ತು. ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟಕ್ಕೆ ಸ್ವಯಂಸೇವಕರು ಬೇಕೆಂಬ ಚೀಟಿ ನೋಟೀಸ್ ಬೋರ್ಡಿನಲ್ಲಿ ಕಂಡ ಕೂಡಲೇ ಹೆಸರು ಬರೆಸಿದೆ. ಕ್ರೀಡೆಗೂ ನನಗೂ ಅದುವರೆಗೆ ಇದ್ದ ಸಂಬಂಧ ಮೈದಾನದ ಎದುರಿನ ಬೇಕರಿಯ ಮಟ್ಟಿಗಿನದು.

ಬೆಳಗ್ಗೆ ಹೋಗಿ ನಿಲ್ಲುವಷ್ಟರಲ್ಲಿ ಒಳ್ಳೊಳ್ಳೆಯ ಖಾತೆಗಳೆಲ್ಲ ಖಾಲಿಯಾಗಿದ್ದವು. ಊಟದ ಕೌಂಟರನ್ನು ಹಾಸ್ಟೆಲ್ ಹುಡುಗರು ಹಿಂದಿನ ದಿನವೇ ಹಿಡಿದುಬಿಟ್ಟಿದ್ದರು. ಪದಕದ ತಟ್ಟೆ ಹಿಡಿಯುವುದು ಹುಡುಗಿಯರಿಗೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು ಗಟ್ಟಿ ತೋಳಿನವರಿಗೆ. ಪಿ.ಟಿ. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓಡೋನಲ್ಲ, ಎತ್ತೋನಲ್ಲ. ಬಾ ಇಲ್ಲಿ, ಇದನ್ನ ಹಿಡ್ಕೋ" ಎಂದು ಹಳೆಯ ಬೋರ್ನ್‌ವಿಟಾ ಡಬ್ಬವೊಂದನ್ನು ಕೈಗಿಟ್ಟರು. ಅಲ್ಲಾಡಿಸಿದರೆ ಝಲ್ಲೆಂದಿತು. ಒಳಗೆ ಒಂದು ಗ್ರೋಸ್, ಎಂದರೆ 144 ಪಿನ್ನು. ಜೊತೆಗೆ ಬಟ್ಟೆಯ ಮೇಲೆ ಬರೆದ ಚೆಸ್ಟ್ ನಂಬರುಗಳ ಕಟ್ಟು.

ಪಿನ್ನು ಎಂದರೆ ಇಷ್ಟೇ ತಾನೆ ಎಂದು ನಾನೂ ನಕ್ಕೆ. ನಗು ಎಂಟೂವರೆಯವರೆಗೆ ಉಳಿಯಿತು. ಒಂದು ನಂಬರಿಗೆ ನಾಲ್ಕು ಮೂಲೆ, ನಾಲ್ಕು ಮೂಲೆಗೆ ನಾಲ್ಕು ಪಿನ್ನು. ನಿಯಮದ ಪುಸ್ತಕದ ಪ್ರಕಾರ ಓಟಗಾರರಿಗೆ ಎದೆಗೊಂದು ಬೆನ್ನಿಗೊಂದು ನಂಬರು ಬೇಕು, ಜಿಗಿಯುವವರಿಗಾದರೆ ಒಂದು ಸಾಕು. ನಮ್ಮಲ್ಲಿ ಓಡುವವರು, ಜಿಗಿಯುವವರು, ಎಸೆಯುವವರು ಎಲ್ಲರಿಗೂ ಒಂದೇ, ಅದೂ ಬೆನ್ನಿಗೆ. ಹೀಗೆ ಉಳಿತಾಯ ಮಾಡಿದರೂ ನನ್ನ ಡಬ್ಬ ಒಂದು ಸಲಕ್ಕೆ ಮೂವತ್ತಾರು ಮಕ್ಕಳಿಗೆ ಸಾಕು. ಬಂದಿದ್ದವರು ನೂರಾರು. ಅಂದರೆ ಒಂದು ಸ್ಪರ್ಧೆ ಮುಗಿದ ತಕ್ಷಣ ಪಿನ್ನು ಬಿಚ್ಚಿಸಿ, ಎಣಿಸಿ, ಮುಂದಿನ ಸ್ಪರ್ಧೆಯವರಿಗೆ ಚುಚ್ಚಬೇಕು. ಇದು ಬಂಡವಾಳವನ್ನು ತಿರುಗಿಸುವ ಕಲೆ. ಮೇಷ್ಟ್ರು ಬಿ.ಕಾಂ. ಹುಡುಗನನ್ನೇ ಆರಿಸಿದ್ದು ಸುಮ್ಮನೆ ಅಲ್ಲ ಎಂದುಕೊಂಡು ನೋಟ್‌ಬುಕ್ಕಿನಲ್ಲಿ ಜಮಾ ಖರ್ಚು ಎಂದು ಎರಡು ಕಲಮು ಹಾಕಿದೆ.

ಪಿನ್ನು ಹೋಗುವ ದಾರಿಗಳನ್ನು ಯಾವ ಅರ್ಥಶಾಸ್ತ್ರಜ್ಞನೂ ಊಹಿಸಲಾರ. ಒಬ್ಬ ಹುಡುಗನ ಚಡ್ಡಿಯ ಎಲಾಸ್ಟಿಕ್ ಸ್ಟಾರ್ಟಿಂಗ್ ಲೈನಿನಲ್ಲೇ ಪ್ರಾಣ ಬಿಟ್ಟಿತು, ಎರಡು ಪಿನ್ನು ಅಲ್ಲಿ ಖರ್ಚು. ಒಬ್ಬಳ ಅಂಗಾಲಿಗೆ ಮುಳ್ಳು, ಅದನ್ನು ಕೀಳಲು ಒಂದು. ಶಾಮಿಯಾನದ ಬಟ್ಟೆ ಗಾಳಿಗೆ ಹಾರುತ್ತದೆಂದು ಡೆಕೋರೇಶನ್ನಿನವನು ಕೇಳದೇ ಆರು ತೆಗೆದುಕೊಂಡ. ಎಂಟನೇ ಕ್ಲಾಸಿನ ಕೆಲವು ಸಜ್ಜನರು "ಕೊಟ್ಟೆ ಅಣ್ಣ, ಡಬ್ಬದಲ್ಲೇ ಹಾಕ್ದೆ" ಎಂದು ದೇವರಾಣೆ ಮಾಡಿ ಹೋದರು. ಈ ವಸ್ತುವನ್ನು 1849ರಲ್ಲಿ ಪೇಟೆಂಟ್ ಮಾಡಿದವನು ಅಮೆರಿಕದ ವಾಲ್ಟರ್ ಹಂಟ್. ಹದಿನೈದು ಡಾಲರಿನ ಸಾಲ ತೀರಿಸಲು ತಂತಿ ಬಗ್ಗಿಸುತ್ತಾ ಕೂತಿದ್ದಾಗ ಹೊಳೆಯಿತಂತೆ. ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ. ಕೊಂಡವರು ಎಷ್ಟು ಮಾಡಿಕೊಂಡರೋ, ಅವನಿಗೆ ಮಾತ್ರ ಆಮೇಲೆ ಬಿಡಿಗಾಸಿಲ್ಲ. ಪಿನ್ನು ಕೈಬಿಟ್ಟವರ ಗತಿ ಮೊದಲಿನಿಂದಲೂ ಇಷ್ಟೇ.

ನಮಗೂ ಒಂದು ರಿಸರ್ವ್ ಬ್ಯಾಂಕ್ ಇತ್ತು. ಟೀಚರುಗಳು. ಯಾರ ಬಳೆಯಲ್ಲಿ ಎರಡು, ಯಾರ ಮಾಂಗಲ್ಯದ ಸರದಲ್ಲಿ ಮೂರು ಎಂದು ಒಂಬತ್ತು ಗಂಟೆಯೊಳಗೆ ನಾನು ಕಣ್ಣಲ್ಲೇ ಗಣತಿ ಮಾಡಿಟ್ಟಿದ್ದೆ. ಈ ನೋಟವನ್ನು ತಪ್ಪು ತಿಳಿದ ಹಿರಿಯ ಟೀಚರೊಬ್ಬರು "ಏನಪ್ಪಾ ನೋಡ್ತಿದ್ದೀಯಾ?" ಎಂದು ಗದರಿದ ಮೇಲೆ ಗಣತಿ ಕಾರ್ಯ ಅರ್ಧಕ್ಕೇ ನಿಂತಿತು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಟ್ರ್ಯಾಕು 200 ಮೀಟರಿನದು. ಇನ್ನೂರು ಮೀಟರ್ ಓಟ ಅಂದರೆ ಪೂರ್ತಿ ಒಂದು ಸುತ್ತು, ಹೊರಗಿನ ಲೇನಿನವರಿಗೆ ಸುತ್ತು ದೊಡ್ಡದು, ಆದ್ದರಿಂದ ಪ್ರತಿ ಲೇನಿಗೂ ಏಳು ಮೀಟರಿಗಿಂತ ಚೂರು ಹೆಚ್ಚು ಮುಂದೆ ನಿಲ್ಲಿಸಬೇಕು. "ಅವನನ್ನ ಅಷ್ಟು ಮುಂದೆ ನಿಲ್ಸಿದ್ದೀರಲ್ರೀ, ನಿಮ್ಮೂರಿನವನಾ?" ಎಂದು ಅಪ್ಪಂದಿರು ಕಾಂಪೌಂಡ್ ಹತ್ತಿ ಜಗಳ ತೆಗೆದರು. ರಿಲೇಯಲ್ಲಿ ಬ್ಯಾಟನ್ ಬದಲಾಯಿಸುವ ವಲಯ 20 ಮೀಟರೋ 30 ಮೀಟರೋ ಎಂದು ಇಬ್ಬರು ಪಿ.ಟಿ. ಮೇಷ್ಟ್ರುಗಳು ಕೈ ಕೈ ಮಿಲಾಯಿಸುವುದೊಂದು ಬಾಕಿ. 2017ರ ಕೊನೆಗೇ ನಿಯಮ ಬದಲಾಗಿ 30 ಆಗಿತ್ತು. ಹಿರಿಯರು ಮಾತ್ರ "ನಾನು ಓಡಿದ್ದು ಇಪ್ಪತ್ತರಲ್ಲಿ" ಎಂಬ ಒಂದೇ ವಾದದ ಮೇಲೆ ಅಚಲವಾಗಿ ನಿಂತಿದ್ದರು. ಬೇಯದ ಪಲಾವಿನ ಬಗ್ಗೆ ನಾನೇನೂ ಹೇಳುವುದಿಲ್ಲ.

ಈಗ ನಿಜವಾದ ಕಥೆ. ಉದ್ಘಾಟನೆ ಹತ್ತಕ್ಕೆ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪಥಸಂಚಲನಕ್ಕೆ ಮಕ್ಕಳನ್ನು ಒಂಬತ್ತೂವರೆಗೇ ಸಾಲಾಗಿ ನಿಲ್ಲಿಸಿಯಾಗಿತ್ತು. ಮುಖ್ಯ ಅತಿಥಿಗಳು "ಇಲ್ಲೇ ಹತ್ತಿರದಲ್ಲಿದ್ದಾರೆ" ಎಂದು ಮೈಕು ಹತ್ತೂಕಾಲಕ್ಕೆ ಹೇಳಿತು, ಹತ್ತೂಮುಕ್ಕಾಲಿಗೂ ಹೇಳಿತು. ಮಳೆ ಬಿಡುವು ಕೊಟ್ಟ ಆಗಸ್ಟ್ ಬಿಸಿಲು ಚುರುಗುಡುವ ಜಾತಿಯದು. ಎರಡನೇ ಸಾಲಿನ ಹುಡುಗಿಯೊಬ್ಬಳು ಕುಸಿದಳು. ಅವಳಿಗೆ ಗ್ಲೂಕೋಸ್ ಕುಡಿಸುತ್ತಾ ಪಿ.ಟಿ. ಮೇಷ್ಟ್ರು ಸಿಡಿಮಿಡಿಗೊಂಡರು: "ಕಾಯೋದು ಸಾಕು. ಅವರು ಬರೋ ಹೊತ್ತಿಗೆ ಮೂರು ಸಾವಿರ ಮೀಟರ್ ಮುಗಿಸಿಬಿಡೋಣ." ಇನ್ನೂರರ ಟ್ರ್ಯಾಕಿನಲ್ಲಿ 3000 ಎಂದರೆ ಹದಿನೈದು ಸುತ್ತು. ಓಟ ಶುರುವಾಯಿತು. ಮುಂದಿದ್ದವನು ಒಂಬತ್ತನೇ ಸುತ್ತಿನಲ್ಲಿರುವಾಗ ಗೇಟಿನಲ್ಲಿ ಕಾರು ನುಗ್ಗಿತು.

ವೇದಿಕೆಯ ಮೇಲೆ ಬ್ಯಾಡ್ಜುಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟಿದ್ದರು. ಸಣ್ಣ ಅತಿಥಿಗಳಿಗೆ ಸಣ್ಣವು, ಮುಖ್ಯ ಅತಿಥಿಗೆ ಅಂಗೈ ಅಗಲದ ಜರಿ ಹೂವು, ಕೆಳಗೆ ಎರಡು ಬಾಲ. ಎತ್ತಿಕೊಂಡರೆ ಅದರ ಹಿಂದಿನ ಪಿನ್ನೇ ಇಲ್ಲ. "ಪಿನ್ನೂ!" ಎಂದು ಹೆಡ್‌ಮೇಷ್ಟ್ರು ಕೂಗಿದರು. ನಾನು ಡಬ್ಬ ಅಲ್ಲಾಡಿಸಿದೆ. ನಿಶ್ಶಬ್ದ. ಇದ್ದಬದ್ದ ಪಿನ್ನುಗಳೆಲ್ಲ ಮಕ್ಕಳ ಬೆನ್ನ ಮೇಲಿದ್ದವು. ಉದ್ದಜಿಗಿತದವರು ಕಟ್ಟಡದ ಹಿಂದೆ, ಗುಂಡು ಎಸೆಯುವವರು ರಸ್ತೆಯಾಚೆಯ ಬಯಲಿನಲ್ಲಿ. ರಿಸರ್ವ್ ಬ್ಯಾಂಕಿನತ್ತ ಓಡಿದೆ. "ಇರೋದು ಇದೊಂದೇ ಕಣಪ್ಪಾ, ತೆಗೆದ್ರೆ ಸೆರಗು ಜಾರುತ್ತೆ" ಎಂದು ಬ್ಯಾಂಕು ಬಾಗಿಲು ಹಾಕಿತು. ಕಣ್ಣೆದುರಿಗೆ ಉಳಿದ ಪಿನ್ನುಗಳೆಂದರೆ ಓಡುತ್ತಿದ್ದವು ಮಾತ್ರ.

ಮೊದಲನೆಯವನನ್ನು ಮುಟ್ಟುವಂತಿಲ್ಲ, ಅವನು ಜಿಲ್ಲೆಗೆ ಹೋಗುವವನು. ಎರಡನೆಯವನು ಅವನ ಹಿಮ್ಮಡಿಯಲ್ಲೇ ಇದ್ದ. ಕಡೆಯವನು ಎಲ್ಲರಿಗಿಂತ ಮೂರು ಸುತ್ತು ಹಿಂದೆ, ಒಬ್ಬನೇ ಬರುತ್ತಿದ್ದ. ನಂಬರು 117. ಅವನ ಬೆನ್ನಿನಿಂದ ಒಂದು ಪಿನ್ನು ತೆಗೆದರೆ ಯಾರ ಲೆಕ್ಕಕ್ಕೂ ನಷ್ಟವಿಲ್ಲ ಎಂದು ನನ್ನ ಬಿ.ಕಾಂ. ತಲೆ ತೀರ್ಪು ಕೊಟ್ಟಿತು. ಹವಾಯಿ ಚಪ್ಪಲಿಯಲ್ಲೇ ಟ್ರ್ಯಾಕಿಗಿಳಿದೆ.

ನಿಂತ ಬೆನ್ನಿನಿಂದ ಪಿನ್ನು ತೆಗೆಯುವುದು ಒಂದು ವಿದ್ಯೆ. ಓಡುವ ಬೆನ್ನಿನಿಂದ ತೆಗೆಯುವುದು ಬೇರೆಯೇ ವಿದ್ಯೆ, ಅದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸುವುದಿಲ್ಲ. ನನ್ನನ್ನು ಕಂಡ ಹುಡುಗ, ಔಟ್ ಮಾಡಲು ಬಂದರೆಂದು ತಿಳಿದು ವೇಗ ಹೆಚ್ಚಿಸಿದ. ಒಂಬತ್ತು ಗಂಟೆಯಿಂದ ಉಳಿಸಿಟ್ಟಿದ್ದ ಶಕ್ತಿಯನ್ನೆಲ್ಲ ಅವನು ಆ ಗಳಿಗೆಗೇ ಮೀಸಲಿಟ್ಟಿದ್ದನೋ ಏನೋ. "ಲೋ ನಿಲ್ಲೋ!" ಎಂದೆ. ಓಟದ ಸ್ಪರ್ಧೆಯಲ್ಲಿ ಇಷ್ಟು ಅವಿವೇಕದ ಮಾತನ್ನು ಇನ್ನಾರೂ ಆಡಿರಲಾರರು. "ನಿಲ್ಬೇಡ, ಮೆಲ್ಲಗೆ ಓಡು!" ಎಂದು ತಿದ್ದಿಕೊಂಡೆ. ಅದೂ ಸರಿಹೋಗಲಿಲ್ಲ. ತಿರುವಿನಲ್ಲಿ ಹೇಗೋ ಬೆನ್ನು ಹಿಡಿದೆ. ಎಡಗೈಯಲ್ಲಿ ನಂಬರಿನ ಮೂಲೆ, ಬಲಗೈಯಲ್ಲಿ ಪಿನ್ನಿನ ತಲೆ. ಅವನ ಎಡ ಭುಜದ ಮೂಳೆ ಮುಂದೆ ಹೋದಾಗ ಪಿನ್ನು ಬಿಗಿಯುತ್ತದೆ, ಹಿಂದೆ ಬಂದಾಗ ಸಡಿಲಾಗುತ್ತದೆ. ಸಡಿಲಾಗುವ ಆ ಕ್ಷಣದಲ್ಲೇ ಒತ್ತಬೇಕು. ನಾನು ಒತ್ತುವ ಹೊತ್ತಿಗೆ ಭುಜ ಮುಂದೆ ಹೋಗಿರುತ್ತಿತ್ತು. ಇಬ್ಬರ ಹೆಜ್ಜೆ ಒಂದಾದರೆ ತಾನೇ ತಾಳ ಸಿಕ್ಕೀತೆಂದು ಎಡ, ಬಲ, ಎಡ, ಬಲ ಎಂದು ಅವನೊಡನೆ ಕಾಲು ಹಾಕಿದೆ. ತಾಳ ಸಿಕ್ಕಿತು. ಪಿನ್ನು ಬಿಚ್ಚಿಕೊಂಡಿತು, ನೇರವಾಗಿ ನನ್ನ ಹೆಬ್ಬೆರಳಿಗೆ ಇಳಿಯಿತು. ಅದೇ ಹೊತ್ತಿಗೆ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತು, ಚಪ್ಪಲಿ ನಾಲ್ಕನೇ ಲೇನಿನಲ್ಲಿ ಉಳಿಯಿತು.

ಮೈಕಿನಲ್ಲಿದ್ದವರು ಕನ್ನಡ ಮೇಷ್ಟ್ರು. ಅತಿಥಿಗಳನ್ನು ಕಾದೂ ಕಾದೂ ಅವರ ಬಳಿ ವಿಶೇಷಣಗಳು ಮಿಕ್ಕಿದ್ದವು. "ಪ್ರೇಕ್ಷಕ ಮಹಾಶಯರೇ! ಓಟದ ಪಥದಲ್ಲಿ ಇದೀಗ ನೂತನ ಸ್ಪರ್ಧಿಯೊಬ್ಬರು ಉದಯಿಸಿದ್ದಾರೆ! ಶಿರದಲ್ಲಿ ಟೋಪಿ, ಪಾದದಲ್ಲಿ ಒಂದೇ ಪಾದರಕ್ಷೆ, ಸಂಖ್ಯೆ ಅಗೋಚರ!" ಮೈದಾನವೆಲ್ಲ ಎದ್ದು ನಿಂತಿತು. ಸುತ್ತು ಎಣಿಸುತ್ತಿದ್ದ ಟೀಚರು ಗಾಬರಿಯಲ್ಲಿ ನನಗೂ ಒಂದು ಸುತ್ತು ಗುರುತು ಹಾಕಿದರೆಂದು ಆಮೇಲೆ ಗೊತ್ತಾಯಿತು. ಸುಳ್ಳೇಕೆ ಹೇಳಲಿ, ಆ ಚಪ್ಪಾಳೆಗೆ ನಾನು ಬೇಕಾದ್ದಕ್ಕಿಂತ ಹತ್ತು ಹೆಜ್ಜೆ ಹೆಚ್ಚೇ ಓಡಿದೆ. ಹೊರಗಿನವರು ಜೊತೆಯಲ್ಲಿ ಓಡಿದರೆ ಅದು ಸ್ಪರ್ಧಿಗೆ ನೆರವು ಕೊಟ್ಟಂತೆ, ನಿಯಮದ ಪ್ರಕಾರ ಅನರ್ಹ ಎಂದು ಒಬ್ಬ ಮೇಷ್ಟ್ರು ಆಕ್ಷೇಪ ಎತ್ತಿದರು. "ಕಡೆಯವನಿಗೆ ಎಂಥ ನೆರವು ಕೊಟ್ರೆ ಏನ್ರೀ?" ಎಂದು ಇನ್ನೊಬ್ಬರು ಅದನ್ನು ಅಲ್ಲೇ ವಜಾ ಮಾಡಿದರು.

ಬೆರಳು ಚೀಪುತ್ತಾ ನಾನು "ಒಂದೇ ಒಂದು ಪಿನ್ನಪ್ಪಾ, ಗೆಸ್ಟಿಗೆ" ಎಂದಾಗ ಹುಡುಗ ತಿರುಗಿ ನೋಡಲಿಲ್ಲ. ಓಡುತ್ತಲೇ ಹೇಳಿದ: "ಬೇಕಾದ್ರೆ ನಾಕೂ ತಗೊಳ್ಳಿ ಅಣ್ಣ. ನನ್ ನಂಬರ್ ಯಾರೂ ಬರ್ಕೊಳಲ್ಲ."

ಅವನು ಹೇಳಿದ್ದು ಸರಿ. ಫಲಿತಾಂಶದ ಹಾಳೆಯಲ್ಲಿ ಇದ್ದದ್ದು ಮೂರೇ ಮನೆ.

ಪಿನ್ನು ವೇದಿಕೆ ಏರಿತು. ಜರಿ ಹೂವು ಅತಿಥಿಗಳ ಎದೆಯ ಮೇಲೆ ಅರಳಿತು. ತಡವಾದದ್ದಕ್ಕೆ ಅವರು ಯಾರನ್ನೂ ಏನೂ ಕೇಳಲಿಲ್ಲ, ಅವರನ್ನೂ ಯಾರೂ ಏನೂ ಕೇಳಲಿಲ್ಲ. ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ ಎಂದರು. ನಮ್ಮ ಅಶ್ವಿನಿ ಅಕ್ಕುಂಜಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದನ್ನು ನೆನೆದರು. "2010ರ ದಿಲ್ಲಿ ಕಾಮನ್‌ವೆಲ್ತ್‌ನಲ್ಲಿ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು. ಒಲಿಂಪಿಕ್ಸ್ ಎಲ್ಲಿಂದ ಬಂತು?" ಎಂದು ಪಿ.ಟಿ. ಮೇಷ್ಟ್ರು ನನ್ನ ಕಿವಿಯಲ್ಲಿ ಹಲ್ಲು ಕಡಿದರು. ಮೇಲೆ ಹೋಗಿ ಹೇಳಲಿಲ್ಲ.

ಭಾಗವಹಿಸುವುದು ಮುಖ್ಯ ಎಂಬ ಮಾತು ಮೈಕಿನಲ್ಲಿ ಮೊಳಗುತ್ತಿದ್ದಾಗ 117 ಇನ್ನೂ ಓಡುತ್ತಿದ್ದ. ಮೊದಲ ಮೂವರು ಮುಟ್ಟಿದ ಕೂಡಲೇ ತೀರ್ಪುಗಾರರು, ಟೈಮ್ ನೋಡುವವರು, ಸುತ್ತು ಎಣಿಸುವ ಟೀಚರು ಎಲ್ಲರೂ ಸನ್ಮಾನದ ಶಾಲಿಗಾಗಿ ವೇದಿಕೆಯ ಬಳಿ ಸೇರಿದ್ದರು. ಫಿನಿಶಿಂಗ್ ಲೈನಿನಲ್ಲಿ ಎರಡು ಕಂಬ ಬಿಟ್ಟರೆ ನಾನೊಬ್ಬ, ನನ್ನ ಕಿತ್ತ ಚಪ್ಪಲಿಯನ್ನು ಎತ್ತಿಕೊಳ್ಳಲು ಹೋದವನು. ಹುಡುಗ ನನ್ನೆದುರು ಬಂದು ನಿಧಾನ ಮಾಡಿದ. ಬೆನ್ನಿನ ಬಟ್ಟೆ ಒಂದು ಕಡೆ ಮಡಚಿ ಬಿದ್ದಿತ್ತು, 117ರಲ್ಲಿ ಕಾಣುತ್ತಿದ್ದದ್ದು ಏಳು ಮಾತ್ರ.

"ಇನ್ನೆಷ್ಟು ಸುತ್ತಣ್ಣ?"

ಎಣಿಸಿದವರು ಯಾರೂ ಇರಲಿಲ್ಲ. ಅವನು ಓಡಿದ್ದು ಹದಿನಾಲ್ಕೋ ಹದಿನೈದೋ ಹದಿನಾರೋ, ಆ ಗೆರೆಗೇ ಗೊತ್ತು. "ಆಯ್ತು ಕಣೋ, ಮುಗೀತು" ಎಂದೆ.

"ಹದಿನೈದೂ ಆಯ್ತಾ?"

"ಹದಿನೈದೂ."

ಅವನು ಸೊಂಟಕ್ಕೆ ಕೈ ಕೊಟ್ಟು ಸ್ವಲ್ಪ ಹೊತ್ತು ನಿಂತ. ಉಳಿದ ಮೂರು ಪಿನ್ನುಗಳನ್ನು ತಾನೇ ಬಿಚ್ಚಿ, ಒಂದೊಂದಾಗಿ ಮುಚ್ಚಿ, ನನ್ನ ಡಬ್ಬಕ್ಕೆ ಹಾಕಿ ಹೋದ. ಆ ದಿನ ಕೇಳದೆ ಪಿನ್ನು ವಾಪಸು ಕೊಟ್ಟವನು ಅವನೊಬ್ಬನೇ.

ಸಂಜೆ ಮೇಷ್ಟ್ರು ಲೆಕ್ಕ ಕೇಳಿದರು. ಡಬ್ಬ ಸುರಿದು ಎಣಿಸಿದರೆ ಐವತ್ತೊಂಬತ್ತು. "ಉಳಿದದ್ದು?" ಎಂದರು. ನಾನು ನೋಟ್‌ಬುಕ್ ತೆರೆದು ಓದಿದೆ: ಚಡ್ಡಿ ಎರಡು, ಮುಳ್ಳು ಒಂದು, ಶಾಮಿಯಾನ ಆರು, ಗೆಸ್ಟು ಒಂದು, ದೇವರಾಣೆ ಎಪ್ಪತ್ತೈದು. ಅವರು ನಗಲಿಲ್ಲ. "ಗೆಸ್ಟಿಂದು ಬ್ಯಾಡ್ಜ್ ವಾಪಸ್ ಇಸ್ಕೋಬೇಕಿತ್ತು" ಎಂದಷ್ಟೇ ಹೇಳಿ ಎನ್ನೆಸ್ಸೆಸ್ ಪುಸ್ತಕಕ್ಕೆ ಸಹಿ ಹಾಕಿದರು. ಬ್ಯಾಡ್ಜು ಪಲಾವ್ ತಿನ್ನದ ಅತಿಥಿಗಳೊಂದಿಗೆ ಹನ್ನೊಂದೂಮುಕ್ಕಾಲಕ್ಕೇ ಕಾರು ಹತ್ತಿ ಹೋಗಿತ್ತು.

ಪ್ರತಿ ವರ್ಷ ಆಗಸ್ಟ್ ಬಂದರೆ ಹೋಬಳಿ, ತಾಲ್ಲೂಕು, ಜಿಲ್ಲೆ ಎಂದು ಕ್ರೀಡಾಕೂಟಗಳ ಸುಗ್ಗಿ. ಅದಕ್ಕೇ ಓದುಗರಲ್ಲಿ ಒಂದು ವಿನಂತಿ. ನಿಮ್ಮನ್ನು ಯಾರಾದರೂ ಅತಿಥಿಯಾಗಿ ಕರೆದರೆ ಹತ್ತು ಗಂಟೆ ಎಂದರೆ ಹತ್ತು ಗಂಟೆಗೇ ಹೋಗಿ, ಪಿನ್ನು ಮನೆಯಿಂದಲೇ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಒಂದು ಡಜನ್ ಕೊಂಡರೂ ನಿಮ್ಮ ಕಾರಿನ ಪೆಟ್ರೋಲಿನಷ್ಟು ದುಡ್ಡೂ ಆಗುವುದಿಲ್ಲ.