ಹೆಬ್ಬೆರಳು ಒತ್ತುವ ಸಾಹೇಬರಿಗೆ

ಟೀಮ್ ಚಾಟ್‌ನ ಸಮಸ್ತ ಅಪ್ರೂವರ್ ಮಹಾಶಯರಿಗೆ,

ಡೇಟಾಬೇಸ್ ಕಾಯುವವನ ಸಾಷ್ಟಾಂಗ ನಮಸ್ಕಾರಗಳು.

ಮೊದಲಿಗೆ ತಮ್ಮ ವೇಗಕ್ಕೆ ಶರಣು. ರಾತ್ರಿ ಹನ್ನೊಂದಕ್ಕೆ ಹುಡುಗನೊಬ್ಬ "ಸರ್, ಅರ್ಜೆಂಟು, ಪ್ರೊಡಕ್ಷನ್ ಡೇಟಾಬೇಸ್‌ಗೆ ಒಂದೇ ಒಂದು ಗಂಟೆ ಆಕ್ಸೆಸ್ ಬೇಕಿತ್ತು" ಅಂತ ಹಾಕಿದ್ದೇ ತಡ, ತಮ್ಮ ಹೆಬ್ಬೆರಳಿನ ಎಮೋಜಿ ಹಾಜರ್. ಯಾವ ಟೇಬಲ್ಲು, ಓದೋಕೋ ತಿದ್ದೋಕೋ, ಟಿಕೆಟ್ ಎಲ್ಲಿ ಎಂಬ ಕ್ಷುಲ್ಲಕ ಪ್ರಶ್ನೆಗಳಿಗೆ ತಾವು ಇಳಿದವರಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತೇ ಸಾವಿರಾರು ಗ್ರಾಹಕರ ಪ್ಯಾನ್ ನಂಬರುಗಳ ಬೀಗ ತೆಗೆಸಿದ ಪುಣ್ಯಾತ್ಮರು. ಮೊನ್ನೆಯಂತೂ ಒಬ್ಬ ತನ್ನ ಕೋರಿಕೆಗೆ ತಾನೇ ಹೆಬ್ಬೆರಳು ಒತ್ತಿಕೊಂಡ. ಚಾಟ್‌ನ ಬಾಟ್ ಧನ್ಯವಾದ ಹೇಳಿ ಪಾಸ್‌ವರ್ಡ್ ಕೊಟ್ಟಿತು.

"ಒಂದು ಗಂಟೆ" ಎಂಬುದು ಮಾತ್ರ ಚಾಟ್‌ನಲ್ಲೇ ಉಳಿಯಿತು. ಡೇಟಾಬೇಸ್‌ಗೆ ಚಾಟ್ ಓದಲು ಬರುವುದಿಲ್ಲ ನೋಡಿ. ಹುಡುಗ ಬೇರೆ ಕಂಪನಿ ಸೇರಿ ಪ್ರಮೋಷನ್ನೂ ಗಿಟ್ಟಿಸಿಕೊಂಡ. ಅವನ ತಾತ್ಕಾಲಿಕ ಯೂಸರ್ ಐಡಿ ಇಲ್ಲೇ ಕಾಯಂ ಆಗಿದೆ. ಪಾಪ, ದಿನಗೂಲಿ ನೌಕರರಿಗೆ ಈ ಭಾಗ್ಯವಿಲ್ಲ.

ಜಾಣರೊಬ್ಬರು "ಪೋಸ್ಟ್‌ಗ್ರೆಸ್‌ನಲ್ಲಿ ವ್ಯಾಲಿಡ್ ಅಂಟಿಲ್ ಹಾಕಿದೀನಿ, ತಾನಾಗೇ ಮುಗಿಯುತ್ತೆ" ಎಂದು ಊಟಕ್ಕೆ ಎದ್ದರು. ಅದರಿಂದ ಮುಗಿಯುವುದು ಪಾಸ್‌ವರ್ಡಿನ ಆಯುಸ್ಸಷ್ಟೇ. ಆಗಲೇ ಲಾಗಿನ್ ಆಗಿ ಒಳಗೆ ಕೂತವನ ಸೆಷನ್ ಅಲುಗುವುದಿಲ್ಲ. ಸರ್ಟಿಫಿಕೇಟ್ ಹಿಡಿದು ಬರುವವನಿಗೂ ತಡೆಯಿಲ್ಲ. ಗ್ರಾಂಟ್ ವಾಪಸ್ ತೆಗೆಯಬೇಕು, ಸೆಷನ್ ಕಡಿಯಬೇಕು. ಇವಕ್ಕೆ ಎಮೋಜಿ ಇಲ್ಲದಿರುವುದೇ ತೊಡಕು.

ಒತ್ತುವ ಬೆರಳಿನ ಮಹಿಮೆಯನ್ನು 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಡಿತು. ಮೇಲಿಂದ ಮೇಲೆ ಬಂದ ಲಾಗಿನ್ ಕೋರಿಕೆಗಳಲ್ಲಿ ಒಂದಕ್ಕೆ ಗುತ್ತಿಗೆ ನೌಕರನೊಬ್ಬ ಒಪ್ಪಿಗೆ ಒತ್ತಿದ್ದೇ ಹ್ಯಾಕರ್‌ಗೆ ಬಾಗಿಲಾಯಿತು. ಒಳಬಂದವನು ಕಂಪನಿಯ ಸ್ಲ್ಯಾಕ್‌ನಲ್ಲೇ ತಾನು ಹ್ಯಾಕರ್ ಎಂದು ಸಾರಿದರೆ, ತಮಾಷೆಯೆಂದುಕೊಂಡ ಕೆಲವರು ಎಮೋಜಿ ಹಾಕಿದರು. ತಾವಿದ್ದಿದ್ದರೆ ಅದಕ್ಕೂ ಹೆಬ್ಬೆರಳು ಒತ್ತಿರುತ್ತಿದ್ದಿರಿ.

ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಿದೆ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ. ಅದನ್ನು ಯಾರ ಬಜೆಟ್ಟಿಗೆ ಹಾಕಬೇಕೆಂದು ಚಾಟ್‌ನಲ್ಲಿ ಕೇಳಿದ್ದೆ. ಆ ಒಂದು ಮೆಸೇಜಿಗೆ ಮಾತ್ರ ಯಾರ ಉತ್ತರವೂ ಇಲ್ಲ.

ಚಾಟ್ ಬಿಡಿ ಎನ್ನುತ್ತಿಲ್ಲ, ಸಾಹೇಬರೇ. ಒತ್ತಿದ ಕೂಡಲೇ ಗಡುವಿನ ಯೂಸರ್ ಹುಟ್ಟಲಿ, ಗಡುವು ಮುಗಿದೊಡನೆ ಬಾಟೇ ಅದನ್ನು ಅಳಿಸಲಿ, ಕೇಳಿದವನೇ ಒತ್ತಿದರೆ ನಡೆಯದಿರಲಿ. ಸದ್ಯಕ್ಕೆ ಹಳೆಯ ಆಕ್ಸೆಸ್ಸುಗಳ ಪಟ್ಟಿ ಕಳಿಸಿದ್ದೇನೆ. ಯಾವುದು ಇರಬೇಕು ಎಂದು ಶುಕ್ರವಾರದೊಳಗೆ ತಿಳಿಸಿ. ಇಲ್ಲವಾದರೆ ಒಂದೊಂದಾಗಿ ತೆಗೆಯುತ್ತ ಬರುತ್ತೇನೆ, ತಮ್ಮದರಿಂದಲೇ ಶುರು.

ಇಂತಿ ತಮ್ಮ ವಿಧೇಯ,
ಡಿಬಿಎ